ಲೆಕ್ಕ ಚುಕ್ತಾ: ಹೋಟೆಲು ಕಾರ್ಮಿಕರ ಬಿಡುಗಡೆ ಪತ್ರ ಮತ್ತು ರಾಜ್ಯದ ಕಾರ್ಮಿಕ ಶಾಸನ

ಕನ್ನಡ ನಾಡಿನ ಹೋಟೆಲು ಉದ್ಯಮವನ್ನು ಕುರಿತು ಈವರೆಗೆ ಬಂದಿರುವ ಬರವಣಿಗೆಯಲ್ಲಿ ಸ್ಥಾಪಕರ ಸಾಹಸ, ತಿಂಡಿತಿನಿಸುಗಳ ಖ್ಯಾತಿ, ಉಡುಪಿಯ ಅಡುಗೆಯ ಪರಂಪರೆ ಇವುಗಳಿಗೆ ಸಾಕಷ್ಟು ಜಾಗ ದೊರೆತಿದೆ. ಕರಾವಳಿಯ ಹುಡುಗನೊಬ್ಬ ಘಟ್ಟ ಹತ್ತಿ ಬಂದು ಹೋಟೆಲು ಸೇರಿದ ಬಗೆಯೂ ಆತ್ಮಕಥೆಗಳಲ್ಲಿ ಅಲ್ಲಲ್ಲಿ ಸಿಗುತ್ತದೆ. ಆದರೆ ಅವನು ಹೋಟೆಲನ್ನು ಬಿಟ್ಟುಹೋದ ಬಗೆ ಹೇಗೆ, ಬಿಡುವಾಗ ಅವನ ಕೈಗೆ ಬಂದದ್ದೆಷ್ಟು, ಅವನು ಸಹಿ ಹಾಕಿಕೊಟ್ಟ ಕಾಗದದಲ್ಲಿ ಇದ್ದದ್ದೇನು ಎಂಬ ಪ್ರಶ್ನೆಗಳನ್ನು ನಮ್ಮ ಸಂಶೋಧನೆ ಇನ್ನೂ ಗಂಭೀರವಾಗಿ ಕೇಳಿಲ್ಲ. ಪ್ರಸ್ತುತ ಪ್ರಬಂಧವು ಆ ಕಾಗದವನ್ನು ಕುರಿತದ್ದು.

ಸಾಮಾನ್ಯವಾಗಿ ಅದು ಅರ್ಧ ಹಾಳೆಯಷ್ಟಿನ ಬರಹ. ಇಂದಿನವರೆಗೆ ತನಗೆ ಸಲ್ಲತಕ್ಕ ಎಲ್ಲ ಬಾಬುಗಳೂ ಸಂದಿವೆ, ಇನ್ನು ಮುಂದೆ ತನ್ನದೇನೂ ತಕರಾರಿಲ್ಲ ಎಂಬ ಅರ್ಥದ ಎರಡು ಮೂರು ವಾಕ್ಯಗಳು. ಕೆಳಗೆ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಅಥವಾ ಹೆಬ್ಬೆಟ್ಟಿನ ಗುರುತು. ವ್ಯವಹಾರದ ಮಾತಿನಲ್ಲಿ ಇದಕ್ಕೆ ‘ಲೆಕ್ಕ ಚುಕ್ತಾ’ ಎಂದು ಹೆಸರು. ಮೇಲುನೋಟಕ್ಕೆ ಇದರಲ್ಲಿ ಚರಿತ್ರಕಾರನಿಗೆ ಬೇಕಾದದ್ದು ಏನೂ ಇಲ್ಲ. ಆದರೆ 1947ರಿಂದೀಚೆಗೆ ಬಂದ ಒಂದೊಂದು ಶಾಸನದ ಪಕ್ಕದಲ್ಲಿ ಈ ಕಾಗದವನ್ನು ಇಟ್ಟು ಓದಿದರೆ, ಅದರ ಒಕ್ಕಣೆ ಕಾನೂನಿಗೆ ತಕ್ಕಂತೆ ಬದಲಾಗುತ್ತ ಬಂದಿರುವುದು ತಿಳಿಯುತ್ತದೆ. ಕಾನೂನು ಯಾವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತೋ ಆ ಹೊಣೆಯಿಂದ ನುಣುಚಿಕೊಳ್ಳುವ ಮಾತು ಮುಂದಿನ ಕಾಗದದಲ್ಲಿ ಬಂದು ಕುಳಿತಿದೆ. ಹೀಗಾಗಿ ಬಿಡುಗಡೆ ಪತ್ರವು ಕಾರ್ಮಿಕನ ಮನಸ್ಸನ್ನು ತಿಳಿಸುವುದಕ್ಕಿಂತ ಹೆಚ್ಚಾಗಿ ಆಯಾ ಕಾಲದ ಶಾಸನವನ್ನು ತಿಳಿಸುವ ದಾಖಲೆ ಎಂಬುದು ಇಲ್ಲಿನ ವಾದ.

ಮೊದಲು ಶಾಸನಪೂರ್ವದ ರೂಢಿಯನ್ನು ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೆಂಗಳೂರು, ಮೈಸೂರು, ಮದರಾಸು, ಮುಂಬಯಿಗಳಿಗೆ ಹೋಟೆಲಿನ ಕೆಲಸಕ್ಕಾಗಿ ಹೊರಟವರ ಸಂಖ್ಯೆ ದೊಡ್ಡದು. ಬೆಂಗಳೂರಿನಲ್ಲಿ 1924ರಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್‌ನ ಮೂಲ ಸಂಸ್ಥೆಯೂ, 1943ರಲ್ಲಿ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವೂ, ಮದರಾಸಿನಲ್ಲಿ 1938ರಲ್ಲಿ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್, ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭವಾದವು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಶೀನಮಯ್ಯನ ಮನೆಯವರು ಬೆಂಗಳೂರಿನ ಹೋಟೆಲಿನಿಂದ ಹಣವಂತರಾಗುವ ಸಂಗತಿ ಓದುಗರಿಗೆ ನೆನಪಿರಬಹುದು. ಸಾಹಿತ್ಯದಲ್ಲಿಯೂ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನ ಕಥೆ ಮೊದಲು ಬಂದಿತು. ಟೇಬಲು ಒರೆಸುವ ಮಾಣಿಯದು ಹಿಂದುಳಿಯಿತು.

ಈ ಹೋಟೆಲುಗಳಲ್ಲಿ ಧಣಿ ಮತ್ತು ಕೆಲಸಗಾರ ಬಹುಮಟ್ಟಿಗೆ ಒಂದೇ ಸೀಮೆಯವರು, ಅನೇಕ ವೇಳೆ ಬಂಧುಗಳು. ಹುಡುಗನನ್ನು ಕರೆತರುವಾಗ ಊರಿನಲ್ಲಿ ಅವನ ತಂದೆಗೆ ಮುಂಗಡ ಕೊಡುವುದುಂಟು. ಸಂಬಳವನ್ನು ಪ್ರತಿ ತಿಂಗಳೂ ಕೈಗೆ ಕೊಡದೆ ಧಣಿಯ ಲೆಕ್ಕದಲ್ಲಿ ಜಮೆ ಇಟ್ಟು, ಬೇಕಾದಾಗ ಊರಿಗೆ ಮನಿಯಾರ್ಡರ್ ಮಾಡಿ, ಬಟ್ಟೆಬರೆ, ಔಷಧಿಗಳ ಖರ್ಚನ್ನು ಅದರಲ್ಲೇ ಬರೆಯುತ್ತಿದ್ದರು. ಮಳೆಗಾಲದ ಸಾಗುವಳಿಗೋ ಮದುವೆಗೋ ಹುಡುಗ ಊರಿಗೆ ಹೊರಟಾಗ ಲೆಕ್ಕ ಮುಗಿಸುವುದು ಪದ್ಧತಿ. ಅವನು ತಿರುಗಿ ಬಂದರೆ ಹೊಸ ಲೆಕ್ಕ. ಬಾರದಿದ್ದರೆ ಹಳೆಯದು ಅಲ್ಲಿಗೇ ಮುಗಿಯಿತು. ಈ ರೂಢಿಯಲ್ಲಿ ರಾಜೀನಾಮೆ, ವಜಾ, ರಜೆ ಎಂಬ ಭೇದಗಳೇ ಇರಲಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಮುಂದೆ ಶಾಸನವು ಈ ಮೂರನ್ನೂ ಬೇರೆ ಬೇರೆಯಾಗಿ ಎಣಿಸತೊಡಗಿದಾಗ ಹಳೆಯ ರೂಢಿಯ ಅಸ್ಪಷ್ಟತೆಯೇ ಮಾಲೀಕನಿಗೆ ಅನುಕೂಲವಾಯಿತು.

ಇನ್ನೊಂದು ಅಂಶವೂ ಉಂಟು. ಗಿರಣಿಯ ಕಾರ್ಮಿಕನು ಕೆಲಸ ಕಳೆದುಕೊಂಡ ದಿನ ತನ್ನ ಕೋಣೆಗೆ ಹಿಂದಿರುಗಬಲ್ಲ. ಹೋಟೆಲಿನ ಹುಡುಗ ಮಲಗುತ್ತಿದ್ದುದು ಹೋಟೆಲಿನ ಅಟ್ಟದ ಮೇಲೆ ಅಥವಾ ಬಾಗಿಲು ಹಾಕಿದ ನಂತರ ಟೇಬಲುಗಳ ನಡುವೆ; ಉಣ್ಣುತ್ತಿದ್ದುದು ಅಲ್ಲಿನ ಅಡುಗೆಮನೆಯಲ್ಲಿ. ಕೆಲಸ ಹೋಯಿತೆಂದರೆ ಆ ರಾತ್ರಿಯ ಊಟವೂ ಚಾಪೆಯೂ ಹೋದಂತೆ. ಕೈಯಲ್ಲಿ ಟ್ರಂಕು ಹಿಡಿದು ನಿಂತವನು ಬಸ್ಸಿನ ಖರ್ಚಿಗಾಗಿ ಏನು ಬರೆದುಕೊಟ್ಟಾನು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಬಿಡುಗಡೆ ಪತ್ರದ ಸಹಿ ‘ಸ್ವಇಚ್ಛೆಯದು’ ಎಂದು ಬರೆದಿರುವುದನ್ನು ಓದುವಾಗ ಈ ಸನ್ನಿವೇಶವನ್ನು ಮರೆಯಬಾರದು.

ಬ್ರಿಟಿಷ್ ಭಾರತದ ಕಾನೂನು ಈ ಕಾಗದಕ್ಕೆ ಬಹಳ ಮಟ್ಟಿಗೆ ಒತ್ತಾಸೆಯಾಗಿತ್ತು. 1872ರ ಕರಾರು ಅಧಿನಿಯಮದ 63ನೆಯ ಕಲಮಿನ ಮೇರೆಗೆ, ತನಗೆ ಬರಬೇಕಾದುದನ್ನು ಯಾವನೇ ಆಗಲಿ ಪೂರ್ತಿಯಾಗಿಯೋ ಭಾಗಶಃವಾಗಿಯೋ ಬಿಟ್ಟುಕೊಡಬಹುದು, ಅದರ ಬದಲಿಗೆ ತನಗೆ ತೃಪ್ತಿಯಾದಷ್ಟನ್ನು ಸ್ವೀಕರಿಸಬಹುದು. ಸಂಬಳವನ್ನು ಸಾಲದಂತೆಯೇ ಕಂಡ ಈ ದೃಷ್ಟಿಯಲ್ಲಿ ನೂರು ರೂಪಾಯಿಯ ಬಾಕಿಗೆ ಇಪ್ಪತ್ತೈದು ಪಡೆದು ‘ಚುಕ್ತಾ’ ಎಂದು ಬರೆದುಕೊಟ್ಟವನಿಗೆ ಹೆಚ್ಚಿನ ದಾರಿ ಇರಲಿಲ್ಲ. 1899ರ ಸ್ಟಾಂಪು ಅಧಿನಿಯಮವು ಇಪ್ಪತ್ತು ರೂಪಾಯಿ ಮೀರಿದ ರಸೀದಿಗೆ ಒಂದಾಣೆಯ ಸ್ಟಾಂಪನ್ನು ವಿಧಿಸಿತ್ತು. ಈ ಮಿತಿ 2004ರಲ್ಲಿ ಐದು ಸಾವಿರಕ್ಕೆ ಏರಿತು. ಸ್ಟಾಂಪು ಬಿದ್ದ ಕಾಗದ ಸರ್ಕಾರವೇ ಒಪ್ಪಿದ ಕಾಗದ ಎಂಬ ಭಾವನೆ ಇಂದಿಗೂ ಜನರಲ್ಲಿದೆ. ವಸ್ತುತಃ ಅದು ತೆರಿಗೆ ಸಂದಿದ್ದಕ್ಕೆ ಗುರುತೇ ಹೊರತು ಒಳಗಿನ ಮಾತಿನ ಸಿಂಧುತ್ವಕ್ಕೆ ಸಾಕ್ಷಿಯಲ್ಲ.

ಒಂದು ವಿಷಯದಲ್ಲಿ ಮಾತ್ರ ಹಳೆಯ ಕಾನೂನೇ ಹುಡುಗನ ಪಕ್ಷದಲ್ಲಿತ್ತು. ಅಪ್ರಾಪ್ತ ವಯಸ್ಕನ ಕರಾರು ಆರಂಭದಿಂದಲೇ ಶೂನ್ಯವೆಂದು 1903ರ ಮೊಹೊರಿ ಬೀಬಿ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲ್ ನಿರ್ಣಯಿಸಿತ್ತು. ಹತ್ತು ಹನ್ನೆರಡರ ವಯಸ್ಸಿನಲ್ಲಿ ಹೋಟೆಲು ಸೇರಿದವನು ಹದಿನೆಂಟು ತುಂಬುವ ಮೊದಲು ಒತ್ತಿದ ಹೆಬ್ಬೆಟ್ಟಿನಿಂದ ಅವನ ಹಕ್ಕು ಹೋಗುವಂತಿರಲಿಲ್ಲ. ಆದರೆ ಇದನ್ನು ಅವನಿಗೆ ಹೇಳುವವರು ಯಾರು? ಹೋಟೆಲು, ಧಾಬಾಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸುವುದಕ್ಕೆ ನಿಷೇಧ ಬಂದದ್ದೇ 2006ರ ಅಕ್ಟೋಬರ್ 10ರಿಂದ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಪ್ರಾಂತಗಳು ಅಂಗಡಿ ಮತ್ತು ಸಂಸ್ಥೆಗಳ ಅಧಿನಿಯಮಗಳನ್ನು ತಂದಾಗ ಹೋಟೆಲಿನ ಒಳಗೆ ಶಾಸನ ಕಾಲಿಟ್ಟಿತು. ಮದರಾಸಿನದು 1947ರದು, ಮುಂಬಯಿಯದೂ ಮೈಸೂರಿನದೂ 1948ರವು, ಹೈದರಾಬಾದಿನದು 1951ರದು. ಕನ್ನಡ ಪ್ರದೇಶಗಳು ಹಂಚಿಹೋಗಿದ್ದುದರಿಂದ ಕನ್ನಡ ಕಾರ್ಮಿಕನ ಹಕ್ಕೂ ಹಂಚಿಹೋಯಿತು. ಮದರಾಸು ಅಧಿನಿಯಮದ 41ನೆಯ ಕಲಮು, ಆರು ತಿಂಗಳು ಸತತ ಸೇವೆ ಸಲ್ಲಿಸಿದವನನ್ನು ಸಮಂಜಸ ಕಾರಣವಿಲ್ಲದೆ ಹಾಗೂ ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳವಿಲ್ಲದೆ ತೆಗೆಯಕೂಡದೆಂದು ವಿಧಿಸಿ, ನೊಂದವನಿಗೆ ಮೇಲ್ಮನವಿಯ ಅವಕಾಶವನ್ನೂ ಕೊಟ್ಟಿತು. ಮುಂಬಯಿ ಅಧಿನಿಯಮದ 66ನೆಯ ಕಲಮಿನಲ್ಲಿದ್ದುದು ನೋಟೀಸಿನ ಮಾತು ಮಾತ್ರ: ಒಂದು ವರ್ಷಕ್ಕೆ ಕಡಿಮೆಯಿಲ್ಲದ ಸೇವೆಗೆ ಮೂವತ್ತು ದಿನ, ಮೂರು ತಿಂಗಳು ಮೀರಿದ ಸೇವೆಗೆ ಹದಿನಾಲ್ಕು ದಿನ. ಅಂದರೆ ಮಂಗಳೂರಿನ ಹೋಟೆಲಿನವನು ‘ನನ್ನನ್ನು ಏಕೆ ತೆಗೆದಿರಿ?’ ಎಂದು ಕೇಳಬಹುದಾಗಿದ್ದರೆ, ಹುಬ್ಬಳ್ಳಿಯವನು ‘ಎಷ್ಟು ದಿನ ಮೊದಲು ಹೇಳಿದಿರಿ?’ ಎಂದಷ್ಟೇ ಕೇಳಬಹುದಾಗಿತ್ತು. ಈ ವ್ಯತ್ಯಾಸ ಸಣ್ಣದಲ್ಲ. ಮೊದಲನೆಯ ಪ್ರಶ್ನೆಗೆ ಉತ್ತರ ಬರೆಯಬೇಕಾದರೆ ಮಾಲೀಕನು ಕಾರಣವನ್ನು ಕಾಗದದ ಮೇಲೆ ಇಳಿಸಬೇಕು. ಮಂಗಳೂರಿನಲ್ಲಿ ಹೋಟೆಲು ಮತ್ತು ಸಾರಿಗೆ ಕಾರ್ಮಿಕರನ್ನು 1949ರ ಹೊತ್ತಿಗೆ ಸಂಘಟಿಸಲು ಹೊರಟ ಹತ್ತೊಂಬತ್ತರ ತರುಣ ಜಾರ್ಜ್ ಫರ್ನಾಂಡಿಸ್ ಈ ಪರಿಸರದಿಂದಲೇ ಮುಂಬಯಿಗೆ ಹೋದವರು ಎಂಬುದು ಪ್ರಾಸಂಗಿಕ.

1956ರ ಏಕೀಕರಣದ ನಂತರವೂ ಕೆಲವು ವರ್ಷ ಒಂದೇ ರಾಜ್ಯದಲ್ಲಿ ಈ ಬೇರೆ ಬೇರೆ ಶಾಸನಗಳು ನಡೆದವು. ಅವುಗಳನ್ನು ತೆಗೆದುಹಾಕಿ ಏಕರೂಪ ತಂದದ್ದು 1961ರ ಮೈಸೂರು ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, ಅಂದರೆ 1962ರ 8ನೆಯ ಮೈಸೂರು ಅಧಿನಿಯಮ. ಅದರ 39ನೆಯ ಕಲಮು ಅನುಸರಿಸಿದ್ದು ಮುಂಬಯಿಯ ಮಾದರಿಯನ್ನಲ್ಲ, ಮದರಾಸಿನದನ್ನು: ಆರು ತಿಂಗಳ ಸೇವೆ, ಸಮಂಜಸ ಕಾರಣ, ಒಂದು ತಿಂಗಳ ನೋಟೀಸು, ದುರ್ನಡತೆಯ ಆರೋಪವಿದ್ದರೆ ವಿಚಾರಣೆ, ಅನಂತರ ಮೇಲ್ಮನವಿ. ಏಕೀಕರಣದಿಂದ ಗಡಿ, ಭಾಷೆ, ನೀರುಗಳಿಗೆ ಆದ ಪರಿಣಾಮವನ್ನು ನಾವು ವಿಸ್ತಾರವಾಗಿ ಚರ್ಚಿಸಿದ್ದೇವೆ. ಹುಬ್ಬಳ್ಳಿ, ಬೆಳಗಾವಿಗಳ ಹೋಟೆಲು ಕಾರ್ಮಿಕನಿಗೆ ಅದರಿಂದ ‘ಏಕೆ?’ ಎಂದು ಕೇಳುವ ಅಧಿಕಾರ ಬಂದಿತೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಅದೇ ಅಧಿನಿಯಮದ 15ನೆಯ ಕಲಮು ದುಡಿದ ಇಪ್ಪತ್ತು ದಿನಗಳಿಗೆ ಒಂದು ದಿನದಂತೆ ವೇತನಸಹಿತ ರಜೆಯನ್ನು ಕೊಟ್ಟಿತು. ಬಿಡುಗಡೆಯ ಲೆಕ್ಕದಲ್ಲಿ ಹೊಸದೊಂದು ಬಾಬು ಸೇರಿತು. ಇತ್ತ ಮದರಾಸು ರಾಜ್ಯ 1958ರಲ್ಲಿ ಉಪಾಹಾರ ಸಂಸ್ಥೆಗಳಿಗೆಂದೇ ಪ್ರತ್ಯೇಕ ಅಧಿನಿಯಮವನ್ನು ತಂದಿತು. ಅಲ್ಲಿ ನೆಲೆಸಿದ್ದ ಉಡುಪಿ ಕಡೆಯ ಕಾರ್ಮಿಕರು ಆ ವೇಳೆಗೆ ತಮ್ಮ ಊರಿನವರಿಂದ ಬೇರೆಯಾದ ಕಾನೂನಿಗೆ ಒಳಪಟ್ಟರು.

ರಾಜ್ಯ ಶಾಸನದ ಜೊತೆಜೊತೆಗೆ ಕೇಂದ್ರದ 1947ರ ಕೈಗಾರಿಕಾ ವಿವಾದಗಳ ಅಧಿನಿಯಮವೂ ಇತ್ತು. 1953ರ ತಿದ್ದುಪಡಿಯಿಂದ ಬಂದ 25-ಎಫ್ ಕಲಮು, ಒಂದು ವರ್ಷ ಸತತ ದುಡಿದವನ ಉದ್ಯೋಗವನ್ನು ಕಡಿತಗೊಳಿಸಬೇಕಾದರೆ ಒಂದು ತಿಂಗಳ ನೋಟೀಸಿನೊಂದಿಗೆ, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕೆಂದಿತು. ‘ಕಡಿತ’ ಎಂದರೆ ಏನು ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯ 1976ರ ಸುಂದರ ಮಣಿ ವ್ಯಾಜ್ಯದಲ್ಲಿ ಬಹಳ ವ್ಯಾಪಕವಾದ ಅರ್ಥವನ್ನು ಕೊಟ್ಟಿತು. ದಂಡನೆಯಾಗಿ ತೆಗೆದುದನ್ನು ಬಿಟ್ಟರೆ, ಯಾವ ಕಾರಣಕ್ಕಾಗಿಯೇ ಮಾಲೀಕನು ಸೇವೆಯನ್ನು ಕೊನೆಗೊಳಿಸಿದರೂ ಅದು ಕಡಿತವೇ. ಗೈರುಹಾಜರಿಯ ನೆಪದಲ್ಲಿ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕುವುದೂ ಇದರಲ್ಲಿ ಸೇರುತ್ತದೆಂದು 1982ರ ರಾಬರ್ಟ್ ಡಿಸೋಜಾ ವ್ಯಾಜ್ಯ ಸ್ಪಷ್ಟಪಡಿಸಿತು. ಆದರೆ ಕಾರ್ಮಿಕನು ತಾನಾಗಿ ಬಿಟ್ಟರೆ ಅದು ಕಡಿತವಲ್ಲ.

ಬಿಡುಗಡೆ ಪತ್ರದ ಒಕ್ಕಣೆ ಹೊರಳಿದ್ದು ಈ ಕೊನೆಯ ವಾಕ್ಯದ ಸುತ್ತ ಎಂದು ನನ್ನ ತಿಳಿವಳಿಕೆ. ಹಳೆಯ ಚುಕ್ತಾ ರಸೀದಿಯಲ್ಲಿ ಬೇಕಾಗಿದ್ದುದು ‘ಹಣ ಸಂದಿದೆ’ ಎಂಬ ಮಾತು. ಹೊಸ ಕಾಗದಕ್ಕೆ ಅದರ ಮೇಲೆ ಇನ್ನೊಂದು ಮಾತು ಬೇಕಾಯಿತು: ‘ನನ್ನ ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ.’ ರಸೀದಿ ರಾಜೀನಾಮೆಯಾಯಿತು. ಕೆಲಸಕ್ಕೆ ಸೇರುವ ದಿನವೇ ತಾರೀಖಿಲ್ಲದ ಖಾಲಿ ಕಾಗದಕ್ಕೆ ಸಹಿ ಪಡೆದಿಡುವ ದುಷ್ಟ ಪದ್ಧತಿ ಈ ಉದ್ಯಮವನ್ನು ಬಲ್ಲವರಿಗೆ ಹೊಸತಲ್ಲ. 1972ರ ಉಪದಾನ ಸಂದಾಯ ಅಧಿನಿಯಮವು, ಅಂದರೆ ಗ್ರಾಚ್ಯುಟಿ ಕಾನೂನು, ಹತ್ತು ಅಥವಾ ಹೆಚ್ಚು ಜನ ದುಡಿಯುವ ಹೋಟೆಲುಗಳಿಗೂ ಅನ್ವಯಿಸಿತು. ಐದು ವರ್ಷ ಸತತ ಸೇವೆಯಾದವನಿಗೆ, ಅವನು ರಾಜೀನಾಮೆ ಕೊಟ್ಟಿದ್ದರೂ, ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ ಸಲ್ಲಬೇಕಾಯಿತು. ರಾಜೀನಾಮೆಯ ಉಪಾಯ ಇಲ್ಲಿ ಸಾಗದು. ಆದ್ದರಿಂದ ಈಗ ಮುಖ್ಯವಾದದ್ದು ಸೇವೆಯ ಅವಧಿ. ಮಳೆಗಾಲಕ್ಕೆ ಊರಿಗೆ ಹೋಗುವ ಹಳೆಯ ರೂಢಿ ಇಲ್ಲಿ ಹೊಸ ಉಪಯೋಗಕ್ಕೆ ಬಂದಿತು: ಹೋಗುವಾಗ ಲೆಕ್ಕ ಮುಗಿಸಿದ ಕಾಗದ, ಬಂದಾಗ ಹೊಸ ನೇಮಕದ ನಮೂದು, ಐದು ವರ್ಷ ಎಂದೂ ತುಂಬದು. ಕಾನೂನಿನ ದೃಷ್ಟಿಯಲ್ಲಿ ಅನುಮತಿ ಪಡೆದ ರಜೆಯಿಂದ ಸೇವೆ ತುಂಡಾಗುವುದಿಲ್ಲ. ಆದರೆ ಆ ಗೈರುಹಾಜರಿ ರಜೆಯೋ ರಾಜೀನಾಮೆಯೋ ಎಂಬುದನ್ನು ಹೇಳುವ ಕಾಗದ ಧಣಿಯ ಪೆಟ್ಟಿಗೆಯಲ್ಲಿರುತ್ತದೆ. 1984ರ ತಿದ್ದುಪಡಿಯು ಅವಧಿ ನಿಗದಿಯಾದ ಕರಾರು ಮುಗಿದುದನ್ನು ಕಡಿತದಿಂದ ಹೊರಗಿಟ್ಟಿತು. ಹನ್ನೊಂದು ತಿಂಗಳ ನೇಮಕ ಪತ್ರಗಳಿಗೆ ಆಧಾರ ದೊರೆತದ್ದು ಹೀಗೆ.

ಒಂದು ಲೆಕ್ಕವನ್ನು ಉದಾಹರಣೆಗಾಗಿ ಮಾಡಿ ನೋಡಬಹುದು. ಹನ್ನೆರಡು ವರ್ಷ ಏಳು ತಿಂಗಳು ದುಡಿದ ಸಪ್ಲೈಯರ್ ಒಬ್ಬನ ಕೊನೆಯ ತಿಂಗಳ ವೇತನ 6,500 ರೂಪಾಯಿ ಎಂದಿಟ್ಟುಕೊಳ್ಳೋಣ. ಆರು ತಿಂಗಳು ಮೀರಿದ ಭಾಗವೂ ಎಣಿಕೆಗೆ ಬರುವುದರಿಂದ ಸೇವೆ ಹದಿಮೂರು ವರ್ಷ. ಗ್ರಾಚ್ಯುಟಿಗೆ ತಿಂಗಳನ್ನು 26 ದಿನವೆಂದು ಎಣಿಸಿದರೆ ದಿನಕ್ಕೆ 250 ರೂಪಾಯಿ, ಹದಿನೈದು ದಿನಕ್ಕೆ 3,750, ಹದಿಮೂರು ವರ್ಷಕ್ಕೆ 48,750. ಕಡಿತದ ಪರಿಹಾರವನ್ನು ವರ್ಷಕ್ಕೆ ಅರ್ಧ ತಿಂಗಳಿನಂತೆ ಹಿಡಿದರೆ 42,250. ನೋಟೀಸಿನ ಬದಲಿಗೆ 6,500. ಒಟ್ಟು 97,500 ರೂಪಾಯಿ. ಬಾಕಿ ಸಂಬಳ, ಉಳಿದ ರಜೆಯ ವೇತನ, ಬೋನಸ್ಸು ಬೇರೆ. ಇದೇ ಮನುಷ್ಯ ‘ಸ್ವಂತ ಕಾರಣ’ದ ಕಾಗದಕ್ಕೆ ಸಹಿ ಹಾಕಿದರೆ 48,750 ರೂಪಾಯಿ ಅಲ್ಲಿಯೇ ಹೋಯಿತು. ಮೂರು ವರ್ಷಕ್ಕೊಮ್ಮೆ ಸೇವೆ ತುಂಡಾಗಿದ್ದರೆ ಉಳಿದ 48,750 ಕೂಡ ಹೋಯಿತು. ಎರಡು ಸಾಲುಗಳ ಬೆಲೆ ಇಷ್ಟು.

ನ್ಯಾಯಾಲಯಗಳಾಗಲಿ ಶಾಸನವಾಗಲಿ ಈ ಸಾಲುಗಳನ್ನು ಇದ್ದಂತೆ ನಂಬಿದವೆಂದಲ್ಲ. 1936ರ ವೇತನ ಸಂದಾಯ ಅಧಿನಿಯಮದ 23ನೆಯ ಕಲಮು, ಆ ಅಧಿನಿಯಮ ಕೊಟ್ಟ ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರೂ ಅಷ್ಟರ ಮಟ್ಟಿಗೆ ಶೂನ್ಯವೆಂದು ಸಾರಿತ್ತು. ಗ್ರಾಚ್ಯುಟಿ ಕಾನೂನಿನ 14ನೆಯ ಕಲಮು ತನಗೆ ವಿರುದ್ಧವಾದ ಯಾವ ಕರಾರಿಗೂ ಮಣಿಯಲಿಲ್ಲ. ಯಾವ ಸಂದರ್ಭದಲ್ಲಿ ಗ್ರಾಚ್ಯುಟಿಯನ್ನು ತಡೆಹಿಡಿಯಬಹುದೆಂಬ ಅದರ ಪಟ್ಟಿಯಲ್ಲಿ ಊರಿನಲ್ಲಿ ತಂದೆಗೆ ಕೊಟ್ಟ ಮುಂಗಡ ಇಲ್ಲ. ಸಮಾನ ಬಲವಿಲ್ಲದವರ ನಡುವಿನ ಅನ್ಯಾಯದ ಷರತ್ತು ಕರಾರು ಕಾನೂನಿನ 23ನೆಯ ಕಲಮಿನಂತೆ ಸಾರ್ವಜನಿಕ ನೀತಿಗೆ ವಿರುದ್ಧವೆಂದು 1986ರ ಬ್ರೋಜೊನಾಥ್ ಗಂಗೂಲಿ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 1872ರಲ್ಲಿ ‘ತೃಪ್ತಿಯಾದಷ್ಟನ್ನು ಸ್ವೀಕರಿಸು’ ಎಂದಿದ್ದ ಅಧಿನಿಯಮದೊಳಗಿಂದಲೇ ಈ ಆಧಾರ ಹೊರಟಿತೆಂಬುದು ಸ್ವಾರಸ್ಯದ ಸಂಗತಿ. ಕರ್ನಾಟಕವು 1987ರ ತಿದ್ದುಪಡಿಯಿಂದ, ಅಂದರೆ 1988ರ 5ನೆಯ ಅಧಿನಿಯಮದಿಂದ, ಕೆಲಸ ಕಳೆದುಕೊಂಡವನು ಸರ್ಕಾರದ ಆದೇಶಕ್ಕಾಗಿ ಕಾಯದೆ ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಾದ 10(4-ಎ) ಉಪಕಲಮನ್ನು ಸೇರಿಸಿತು. ಸಂಘವಿಲ್ಲದ ಸಣ್ಣ ಹೋಟೆಲಿನವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದು ಬಂದಿಲ್ಲವೆಂದೇ ಹೇಳಬೇಕು.

ಇಷ್ಟರಿಂದ ಒಳ್ಳೆಯ ಬಿಡುಗಡೆ ಒಪ್ಪಂದದ ಲಕ್ಷಣವೂ ತಿಳಿಯುತ್ತದೆ. ಅದು ಸೇರಿದ ದಿನ, ಬಿಟ್ಟ ದಿನ, ನಡುವಿನ ರಜೆಗಳು, ಕೊನೆಯ ವೇತನ, ಬಿಡುವ ನಿಜವಾದ ಕಾರಣ ಇವನ್ನು ಹೇಳುತ್ತದೆ. ಶಾಸನದಂತೆ ಸಲ್ಲಲೇಬೇಕಾದ ಬಾಬುಗಳನ್ನು ಒಂದೊಂದಾಗಿ ಬರೆದು, ಮಾಲೀಕನು ಮನಸ್ಸಿನಿಂದ ಕೊಡುವ ಹೆಚ್ಚಿನ ಮೊತ್ತವನ್ನು ಬೇರೆಯಾಗಿ ತೋರಿಸುತ್ತದೆ. ಒಟ್ಟು ಮೊತ್ತವೊಂದನ್ನೇ ಬರೆದ ಕಾಗದದಿಂದ ಯಾವುದು ಹಕ್ಕು, ಯಾವುದು ಉದಾರತೆ ಎಂದು ತಿಳಿಯುವಂತಿಲ್ಲ. ನಾಳೆ ವ್ಯಾಜ್ಯವಾದರೆ ಅದು ಮಾಲೀಕನಿಗೂ ಆಸರೆಯಾಗದು. ಸಂಘವಿದ್ದ ದೊಡ್ಡ ಹೋಟೆಲುಗಳಲ್ಲಿ ಕೈಗಾರಿಕಾ ವಿವಾದಗಳ ಅಧಿನಿಯಮದ 12(3)ರಂತೆ ರಾಜಿ ಅಧಿಕಾರಿಯ ಮುಂದೆ, ಅಥವಾ 18(1)ರಂತೆ ಉಭಯರೂ ನಿಗದಿತ ನಮೂನೆಯಲ್ಲಿ ಸಹಿ ಮಾಡಿ ಅಧಿಕಾರಿಗೆ ಪ್ರತಿ ಕಳುಹಿಸಿ ಒಪ್ಪಂದ ಮಾಡಿಕೊಳ್ಳುತ್ತಿದ್ದರು. ಪ್ರತಿಯೊಂದು ಹೊರಗೆ ಹೋಗುವುದೇ ಇಲ್ಲಿನ ಮುಖ್ಯ ಗುಣ. ಅಟ್ಟದ ಮೇಲಿನ ಚುಕ್ತಾ ಕಾಗದಕ್ಕೆ ಇರುವುದು ಒಂದೇ ಪ್ರತಿ, ಅದೂ ಸಹಿ ಹಾಕಿದವನ ಬಳಿ ಇರುವುದಿಲ್ಲ.

ಹೋಟೆಲಿಗೆ ಮಾತ್ರ ವಿಶಿಷ್ಟವಾದ ತೊಡಕು ವೇತನದ ಅರ್ಥದ್ದು. ಊಟ ವಸತಿಗಳು ಸಂಬಳದ ಭಾಗವೋ ಅಲ್ಲವೋ? ಕೈಗಾರಿಕಾ ವಿವಾದಗಳ ಅಧಿನಿಯಮದ ವ್ಯಾಖ್ಯೆಯಲ್ಲಿ ವಸತಿ, ದೀಪ, ನೀರು ಮತ್ತಿತರ ಸೌಕರ್ಯಗಳ ಬೆಲೆಯೂ ವೇತನದಲ್ಲಿ ಸೇರಿತ್ತು. ಗ್ರಾಚ್ಯುಟಿ ಕಾನೂನಿನ ವ್ಯಾಖ್ಯೆ ಅದಕ್ಕಿಂತ ಬಿಗಿ. ಒಂದೇ ಊಟ ಒಂದು ಲೆಕ್ಕದಲ್ಲಿ ವೇತನ, ಇನ್ನೊಂದರಲ್ಲಿ ಅಲ್ಲ. ಗಿರಾಕಿ ಕೊಡುವ ಟಿಪ್ಸಿನ ಪ್ರಶ್ನೆಯೂ ಹಾಗೆಯೇ. ಹೋಟೆಲಿನ ಮೂಲಕ ನೌಕರರಿಗೆ ಹಂಚಿಕೆಯಾದರೂ ಟಿಪ್ಸು ಮಾಲೀಕನು ಕೊಟ್ಟ ಸಂಬಳವಲ್ಲವೆಂದು ಆದಾಯ ತೆರಿಗೆಯ ವಿಷಯದಲ್ಲಿ 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿತು. ನೌಕರನಿಗೆ ತಿಂಗಳ ಆದಾಯದ ದೊಡ್ಡ ಪಾಲಾಗಬಹುದಾದ ಈ ಹಣ ಬಿಡುಗಡೆಯ ದಿನದ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಭಾಷೆಯ ಮಾತನ್ನೂ ಆಡಬೇಕು. ತುಳು, ಕೊಂಕಣಿ ಮನೆಮಾತಿನ ಹುಡುಗರು ಮುಂಬಯಿಯಲ್ಲಿ ಹೋಟೆಲಿನ ಕೆಲಸ ಮುಗಿಸಿ ಕನ್ನಡಿಗರ ಸಂಘಗಳು ನಡೆಸುತ್ತಿದ್ದ ರಾತ್ರಿ ಶಾಲೆಗಳಲ್ಲಿ ಓದಿದರು. ಅಲ್ಲಿ ಕಲಿತು ವಕೀಲರೂ ಲೇಖಕರೂ ಆದವರುಂಟು. ಆ ಶಾಲೆಗಳ ಕೊಡುಗೆಯನ್ನು ಹೇಳುವಾಗ, ಸಹಿ ಹಾಕುವ ಮೊದಲು ಕಾಗದವನ್ನು ಓದಬಲ್ಲವರನ್ನು ಅವು ತಯಾರಿಸಿದವು ಎಂಬುದನ್ನೂ ಸೇರಿಸಬೇಕು. ಇಂದು ಬೆಂಗಳೂರಿನ ಹೋಟೆಲುಗಳಲ್ಲಿ ಒಡಿಶಾ, ಅಸ್ಸಾಂ, ಬಂಗಾಳ, ನೇಪಾಳಗಳಿಂದ ಬಂದವರು ದುಡಿಯುತ್ತಿದ್ದಾರೆ. ಹಿಂದೆ ನಮ್ಮವರಿಗೆ ಇಂಗ್ಲಿಷಿನ ಕಾಗದ ಹೇಗಿತ್ತೋ ಅವರಿಗೆ ಕನ್ನಡದ ಕಾಗದ ಹಾಗಿದೆ. 2020ರ ಮಾರ್ಚಿನಲ್ಲಿ ಹೋಟೆಲುಗಳು ಒಮ್ಮೆಗೇ ಮುಚ್ಚಿದಾಗ ಊರಿಗೆ ನಡೆದವರಲ್ಲಿ ಎಷ್ಟೋ ಜನ ಚುಕ್ತಾ ಕಾಗದವೂ ಇಲ್ಲದೆ ಹೋದರು.

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು 1936, 1947, 1972ರ ಅಧಿನಿಯಮಗಳ ಸ್ಥಾನವನ್ನು ಪಡೆದಿವೆ. ಕಡಿತಕ್ಕೆ ವರ್ಷಕ್ಕೆ ಹದಿನೈದು ದಿನದ ಪರಿಹಾರ ಉಳಿದಿದೆ. ಕಡಿತಗೊಂಡವನ ಮರುತರಬೇತಿಯ ನಿಧಿಗೆ ಮಾಲೀಕನು ಇನ್ನೂ ಹದಿನೈದು ದಿನದ ವೇತನ ಕಟ್ಟಬೇಕು. ಅವಧಿ ನಿಗದಿಯಾದ ನೌಕರನಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ಬಂದಿರುವುದರಿಂದ ಹನ್ನೊಂದು ತಿಂಗಳ ನೇಮಕಗಳು ಇನ್ನಷ್ಟು ಹೆಚ್ಚಾದರೆ ಆಶ್ಚರ್ಯವಿಲ್ಲ. ಸಂಬಳದ ಬದಲಿಗೆ ವಸ್ತುರೂಪದಲ್ಲಿ ಕೊಟ್ಟದ್ದರ ಬೆಲೆ, ಒಟ್ಟು ವೇತನದ ಶೇಕಡ 15ರವರೆಗೆ, ಈಗ ವೇತನವೆಂದೇ ಎಣಿಕೆಯಾಗುತ್ತದೆ. ಅಡುಗೆಮನೆಯ ಊಟಕ್ಕೆ ಈ ಮಾತು ಎಷ್ಟರ ಮಟ್ಟಿಗೆ ಸಲ್ಲುವುದೆಂಬುದನ್ನು ಮುಂದಿನ ವ್ಯಾಜ್ಯಗಳು ತಿಳಿಸಬೇಕು. ಇನ್ನೊಂದು ಬದಲಾವಣೆ ಕೆಲವೇ ಪದಗಳದು. 1936ರ ಅಧಿನಿಯಮದಂತೆ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕಾಗಿದ್ದುದು ಮಾಲೀಕನೇ ತೆಗೆದುಹಾಕಿದವನಿಗೆ ಮಾತ್ರ. 2019ರ ವೇತನ ಸಂಹಿತೆಯ 17ನೆಯ ಕಲಮಿನಲ್ಲಿ ವಜಾ ಆದವನ, ಕಡಿತಗೊಂಡವನ, ಸಂಸ್ಥೆ ಮುಚ್ಚಿದ್ದರಿಂದ ಕೆಲಸ ಹೋದವನ ಜೊತೆಗೆ ರಾಜೀನಾಮೆ ಕೊಟ್ಟವನೂ ಸೇರಿದ್ದಾನೆ.